ಪೋಸ್ಟ್‌ಗ್ರೆಸ್‌ನ ಹೊಸ ಆವೃತ್ತಿಗೆ ಯಾವಾಗ ಹೋಗಬೇಕು: ನಾಲ್ಕು ದಾರಿಗಳ ಹೋಲಿಕೆ

ಪೋಸ್ಟ್‌ಗ್ರೆಸ್‌ಕ್ಯೂಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಡೇಟಾಬೇಸ್‌ನ ಹೊಸ ಮೇಜರ್ (ದೊಡ್ಡ ಬದಲಾವಣೆಗಳಿರುವ) ಆವೃತ್ತಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಸೆಪ್ಟೆಂಬರ್ ಇಲ್ಲವೇ ಅಕ್ಟೋಬರ್ ತಿಂಗಳಲ್ಲಿ ಹೊರಬರುತ್ತದೆ. 16ನೇ ಆವೃತ್ತಿ 2023ರ ಸೆಪ್ಟೆಂಬರ್ 14ರಂದು, 17ನೆಯದು 2024ರ ಸೆಪ್ಟೆಂಬರ್ 26ರಂದು, 18ನೆಯದು 2025ರ ಸೆಪ್ಟೆಂಬರ್ 25ರಂದು ಬಂದವು. ಪ್ರತಿಯೊಂದಕ್ಕೂ ಸುಮಾರು ಐದು ವರ್ಷ ಬೆಂಬಲವಿರುತ್ತದೆ. ಆಮೇಲೆ ಅದಕ್ಕೆ ದೋಷ ಪರಿಹಾರವಾಗಲಿ ಭದ್ರತಾ ಪ್ಯಾಚ್ ಆಗಲಿ ಸಿಗುವುದಿಲ್ಲ. ಹೀಗಾಗಿ ಡೇಟಾಬೇಸ್ ನೋಡಿಕೊಳ್ಳುವವರ ಮುಂದೆ ಪ್ರತಿ ವರ್ಷವೂ ಅದೇ ಪ್ರಶ್ನೆ ಬಂದು ನಿಲ್ಲುತ್ತದೆ: ಈಗಲೇ ಹೋಗುವುದೇ, ಸ್ವಲ್ಪ ಕಾಯುವುದೇ, ಒಂದೆರಡು ಆವೃತ್ತಿಗಳನ್ನು ಬಿಟ್ಟು ಒಂದೇ ಸಲ ಮುಂದಕ್ಕೆ ಹೋಗುವುದೇ, ಅಥವಾ ಬೆಂಬಲ ಮುಗಿಯುವ ತನಕ ಇದ್ದಲ್ಲೇ ಇರುವುದೇ?

ಈ ಪ್ರಶ್ನೆಗೆ ಹೆಚ್ಚಿನ ಕಚೇರಿಗಳಲ್ಲಿ ಒಂದು ಸಿದ್ಧ ಉತ್ತರವಿದೆ: ಹೊಸ ಆವೃತ್ತಿಗೆ ಎರಡು ಮೂರು ಮೈನರ್ (ದೋಷ ಪರಿಹಾರದ ಸಣ್ಣ) ಬಿಡುಗಡೆಗಳು ಬರುವ ತನಕ ಅದನ್ನು ಮುಟ್ಟಬಾರದು. ಈ ಸಲಹೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಹಾನಿ ಮಾಡುತ್ತದೆ, ಏಕೆಂದರೆ ಪರೀಕ್ಷೆಯ ದಿನವನ್ನೂ ಪ್ರೊಡಕ್ಷನ್ (ಜನ ನಿಜವಾಗಿ ಬಳಸುತ್ತಿರುವ ವ್ಯವಸ್ಥೆ) ಬದಲಿಸುವ ದಿನವನ್ನೂ ಅದು ಒಂದೇ ಎಂದು ಭಾವಿಸುತ್ತದೆ. ಪ್ರೊಡಕ್ಷನ್ ಬದಲಿಸುವುದಕ್ಕೆ ಕಾಯಬಹುದು, ಹಲವು ಸಂದರ್ಭಗಳಲ್ಲಿ ಕಾಯಲೇಬೇಕು. ಪರೀಕ್ಷೆಗೆ ಮಾತ್ರ ಕಾಯಬಾರದು ಎಂಬುದು ಈ ಲೇಖನದುದ್ದಕ್ಕೂ ನನ್ನ ನಿಲುವು.

ಮೈನರ್ ಬಿಡುಗಡೆ ಆಯ್ಕೆಯ ವಿಷಯವಲ್ಲ

ಹೋಲಿಕೆಗೆ ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಈಚೆಗೆ ಮೊದಲ ಸಂಖ್ಯೆ ಮೇಜರ್ ಆವೃತ್ತಿಯನ್ನೂ ಎರಡನೆಯದು ಮೈನರ್ ಆವೃತ್ತಿಯನ್ನೂ ಸೂಚಿಸುತ್ತದೆ. ಅದಕ್ಕೂ ಹಿಂದೆ 9.5, 9.6 ಎಂಬ ಎರಡು ಸಂಖ್ಯೆಗಳು ಸೇರಿ ಒಂದು ಮೇಜರ್ ಆವೃತ್ತಿಯಾಗುತ್ತಿದ್ದವು. 17.4ರಿಂದ 17.5ಕ್ಕೆ ಹೋಗುವಾಗ ಡಿಸ್ಕಿನಲ್ಲಿರುವ ಡೇಟಾದ ರೂಪ ಬದಲಾಗುವುದಿಲ್ಲ. ಪ್ಯಾಕೇಜ್ ಬದಲಿಸಿ ಸರ್ವರ್ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಈ ಬಿಡುಗಡೆಗಳಲ್ಲಿ ಹೊಸ ಸೌಲಭ್ಯಗಳಿರುವುದಿಲ್ಲ, ದೋಷ ಪರಿಹಾರಗಳು ಮಾತ್ರ ಇರುತ್ತವೆ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳ ಎರಡನೇ ಗುರುವಾರ ಇವು ಬರುವುದು ವಾಡಿಕೆ, ತುರ್ತಿದ್ದರೆ ನಡುವೆಯೂ ಬರುತ್ತವೆ.

ಇವುಗಳನ್ನು ಹಾಕಿಕೊಳ್ಳಬೇಕೇ ಬೇಡವೇ ಎಂಬ ಚರ್ಚೆಗೆ ಅರ್ಥವಿಲ್ಲ, ಹಾಕಿಕೊಳ್ಳಲೇಬೇಕು. ಒಂದು ವಾರ ಸ್ಟೇಜಿಂಗ್‌ನಲ್ಲಿ (ಪ್ರೊಡಕ್ಷನ್‌ನಂತೆಯೇ ಇರುವ ಪರೀಕ್ಷೆಯ ವ್ಯವಸ್ಥೆಯಲ್ಲಿ) ಇಟ್ಟು ನೋಡುವುದು ಮಾತ್ರ ವಿವೇಕದ ಕೆಲಸ, ಅದಕ್ಕೆ ಎರಡು ಉದಾಹರಣೆಗಳಿವೆ. 2024ರ ನವೆಂಬರ್ 14ರಂದು ಬಂದ 17.1ರಲ್ಲಿ ಒಳಗಿನ ಒಂದು ರಚನೆಯ ಗಾತ್ರ ಬದಲಾದದ್ದರಿಂದ, ಹಳೆಯ ಮೈನರ್ ಆವೃತ್ತಿಯ ಮೇಲೆ ಕಂಪೈಲ್ ಆಗಿದ್ದ ಟೈಮ್‌ಸ್ಕೇಲ್‌ಡಿಬಿಯಂತಹ ಎಕ್ಸ್‌ಟೆನ್ಶನ್‌ಗಳಿಗೆ (ಡೇಟಾಬೇಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶಗಳಿಗೆ) ತೊಂದರೆಯಾಗುವ ಸ್ಥಿತಿ ಬಂತು. ಒಂದೇ ವಾರದಲ್ಲಿ, ನವೆಂಬರ್ 21ರಂದು, 17.2 ಬಂದು ಅದನ್ನು ಸರಿಪಡಿಸಿತು. ಮರುವರ್ಷ ಫೆಬ್ರವರಿ 13ರ 17.3ರಲ್ಲಿ ಬಂದ ಭದ್ರತಾ ಪರಿಹಾರವೊಂದು ತಂದ ತೊಡಕನ್ನು ನಿವಾರಿಸಲು ಫೆಬ್ರವರಿ 20ರಂದು 17.4 ಬರಬೇಕಾಯಿತು. ಎರಡೂ ಸಲ ಒಂದು ವಾರ ತಡೆದವರಿಗೆ ಏನೂ ನಷ್ಟವಾಗಲಿಲ್ಲ, ಆದರೆ ಒಂದು ವರ್ಷ ತಡೆದವರು ಆ ಅವಧಿಯ ಎಲ್ಲ ಭದ್ರತಾ ಪರಿಹಾರಗಳಿಂದ ದೂರ ಉಳಿದರು.

ಮೊದಲ ದಾರಿ: ಬಂದ ಕೂಡಲೇ ಹೋಗುವುದು

ಪ್ರೊಡಕ್ಷನ್‌ನಲ್ಲಿ ಈಗಾಗಲೇ ಓಡುತ್ತಿರುವ, ಹಣಕಾಸಿನ ಲೆಕ್ಕವಿರುವ ಡೇಟಾಬೇಸನ್ನು ಹೊಸ ಆವೃತ್ತಿಯ ಮೊದಲ ಬಿಡುಗಡೆಗೇ ಒಯ್ಯುವುದನ್ನು ನಾನು ಒಪ್ಪುವುದಿಲ್ಲ. ಇದು ಬರಿಯ ಅಂಜಿಕೆಯಲ್ಲ, ಪೋಸ್ಟ್‌ಗ್ರೆಸ್‌ನ ಇತಿಹಾಸದಲ್ಲೇ ಇದಕ್ಕೆ ಆಧಾರವಿದೆ. 2013ರ ಸೆಪ್ಟೆಂಬರಿನಲ್ಲಿ ಬಂದ 9.3ರಲ್ಲಿ ಫಾರಿನ್ ಕೀ (ಒಂದು ಟೇಬಲ್ಲಿನ ಸಾಲನ್ನು ಇನ್ನೊಂದರ ಸಾಲಿಗೆ ಜೋಡಿಸುವ ಕೊಂಡಿ) ಪರಿಶೀಲನೆಯ ವೇಳೆ ಸಾಲುಗಳನ್ನು ಲಾಕ್ ಮಾಡುವ ರೀತಿಯನ್ನು ಸುಧಾರಿಸಲಾಯಿತು. ಅದಕ್ಕಾಗಿ ಮಲ್ಟಿಎಕ್ಸ್ಯಾಕ್ಟ್ ಎಂಬ ಒಳಗಿನ ದಾಖಲೆಯನ್ನು ಡಿಸ್ಕಿನಲ್ಲಿ ದೀರ್ಘಕಾಲ ಉಳಿಸಿಕೊಳ್ಳಬೇಕಾಯಿತು. ಅಲ್ಲಿ ಉಳಿದ ದೋಷಗಳಿಂದ ಡೇಟಾ ಕೆಡುವ ಅಪಾಯವಿತ್ತು. ಅವುಗಳ ಪರಿಹಾರ 2013ರ ಡಿಸೆಂಬರಿನ 9.3.2ರಿಂದ ಆರಂಭವಾಗಿ 2015ರ ಜೂನ್‌ನ 9.3.9ರವರೆಗೂ ನಡೆಯಿತು.

ಎರಡನೇ ಉದಾಹರಣೆ 14ನೇ ಆವೃತ್ತಿಯದು, ಇದು ಇನ್ನೂ ಬೋಧಪ್ರದವಾದುದು. 2021ರ ಸೆಪ್ಟೆಂಬರ್ 30ರಂದು ಬಂದ ಈ ಆವೃತ್ತಿಯಲ್ಲಿ, ಟೇಬಲ್‌ಗೆ ಬರೆಯುವುದನ್ನು ತಡೆಯದೆ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇಡುವ ಸೂಚಿ) ಕಟ್ಟುವ ‘ಕ್ರಿಯೇಟ್ ಇಂಡೆಕ್ಸ್ ಕನ್‌ಕರೆಂಟ್ಲಿ’ ಮತ್ತು ‘ರೀಇಂಡೆಕ್ಸ್ ಕನ್‌ಕರೆಂಟ್ಲಿ’ ಆದೇಶಗಳು ಕೆಲವು ಸಾಲುಗಳನ್ನು ಸದ್ದಿಲ್ಲದೆ ಇಂಡೆಕ್ಸಿನಿಂದ ಹೊರಗೆ ಬಿಡಬಹುದಾಗಿತ್ತು. ಟೇಬಲ್ಲಿನಲ್ಲಿ ಸಾಲು ಇರುತ್ತಿತ್ತು, ಇಂಡೆಕ್ಸ್ ಮೂಲಕ ಹುಡುಕಿದರೆ ಸಿಗುತ್ತಿರಲಿಲ್ಲ, ಲಾಗಿನಲ್ಲಿ ಯಾವ ಸೂಚನೆಯೂ ಇರುತ್ತಿರಲಿಲ್ಲ. ಇದನ್ನು ಸರಿಪಡಿಸಿದ 14.4 ಬಂದದ್ದು 2022ರ ಜೂನ್ 16ರಂದು. ಅಂದರೆ 14.2ರ ತನಕ ಕಾದು ಹೋದವರೂ 14.3ರ ತನಕ ಕಾದು ಹೋದವರೂ ಈ ದೋಷದ ವ್ಯಾಪ್ತಿಯಲ್ಲೇ ಇದ್ದರು. ಮೈನರ್ ಸಂಖ್ಯೆಯನ್ನು ಎಣಿಸುವ ಸಲಹೆ ಪೂರ್ಣ ಸತ್ಯವಲ್ಲ ಎಂದು ಮೊದಲೇ ಹೇಳಿದ್ದು ಇದಕ್ಕೇ. ಸಂಖ್ಯೆಗಿಂತ ಮುಖ್ಯವಾದುದು, ಆ ಆವೃತ್ತಿಯಲ್ಲಿ ಬದಲಾದದ್ದು ಏನು ಮತ್ತು ಅದನ್ನು ನಾವು ಬಳಸುತ್ತೇವೆಯೇ ಎಂಬುದು. ಹೊಸ ಎಸ್‌ಕ್ಯೂಎಲ್ ಸೌಲಭ್ಯ ಸೇರಿದರೆ ಅದನ್ನು ಬಳಸದವರಿಗೆ ಅಪಾಯ ಕಡಿಮೆ. ಸಾಲುಗಳ ಸಂಗ್ರಹ, ಲಾಕ್, ವ್ಯಾಕ್ಯೂಮ್ (ಬೇಡವಾದ ಹಳೆಯ ಸಾಲುಗಳನ್ನು ತೆರವು ಮಾಡುವ ಕೆಲಸ), ಇಂಡೆಕ್ಸ್ ಇವುಗಳ ಒಳಗನ್ನು ಮುಟ್ಟಿದ್ದರೆ ಯಾರೂ ಅದರಿಂದ ಹೊರಗಿರುವುದಿಲ್ಲ.

ಇದೇ ಅಳತೆಯಿಂದ 18ನೇ ಆವೃತ್ತಿಯನ್ನು ನೋಡೋಣ. ಅದರಲ್ಲಿ ಡಿಸ್ಕಿನಿಂದ ಓದುವ ಕೆಲಸವನ್ನು ಹಿನ್ನೆಲೆಯಲ್ಲಿ ನಡೆಸುವ ಅಸಿಂಕ್ರೊನಸ್ ಐಒ ಸೇರಿದೆ, ಇದು ಒಳಗಿನ ದೊಡ್ಡ ಬದಲಾವಣೆ. ಆದರೆ ‘ಐಒ ಮೆಥಡ್’ ಎಂಬ ಸೆಟ್ಟಿಂಗನ್ನು ‘ಸಿಂಕ್’ ಎಂದು ಬದಲಿಸಿದರೆ ಓದುವ ರೀತಿ ಬಹುಮಟ್ಟಿಗೆ ಹಿಂದಿನಂತೆಯೇ ಆಗುತ್ತದೆ. ಹಿಂದಕ್ಕೆ ತಿರುಗಿಸಬಹುದಾದ ಬದಲಾವಣೆಗೂ 9.3ರಂತೆ ಡಿಸ್ಕಿನ ಮೇಲೆ ಉಳಿದುಬಿಡುವ ಬದಲಾವಣೆಗೂ ನಡುವೆ ಇರುವ ಅಂತರ ನಿರ್ಧಾರದಲ್ಲಿ ಬಹಳ ತೂಕದ್ದು.

ಹಾಗಾದರೆ ಮೊದಲ ದಿನವೇ ಹೊಸ ಆವೃತ್ತಿಯನ್ನು ಯಾರು ಬಳಸಬೇಕು? ಹೊಸದಾಗಿ ಆರಂಭವಾಗುತ್ತಿರುವ ಯೋಜನೆಗಳು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಕ್ಟೋಬರಿನಲ್ಲಿ ಕೋಡ್ ಬರೆಯಲು ಆರಂಭಿಸಿ ಏಪ್ರಿಲ್‌ನಲ್ಲಿ ಬಳಕೆದಾರರ ಮುಂದಿಡುವ ಯೋಜನೆಯು ಹಿಂದಿನ ವರ್ಷದ ಆವೃತ್ತಿಯನ್ನು ಹಿಡಿದರೆ ಮೊದಲ ದಿನವೇ ಒಂದು ವರ್ಷದ ಬೆಂಬಲವನ್ನು ಕಳೆದುಕೊಂಡಂತೆ. ಅದು ಬಳಕೆಗೆ ಬರುವ ಹೊತ್ತಿಗೆ ನವೆಂಬರ್ ಮತ್ತು ಫೆಬ್ರವರಿಯ ಮೈನರ್ ಬಿಡುಗಡೆಗಳು ಹೇಗೂ ಬಂದಿರುತ್ತವೆ. ಮತ್ತೆ ಕಟ್ಟಿಕೊಳ್ಳಬಹುದಾದ ವರದಿ ಡೇಟಾಬೇಸ್‌ಗಳಿಗೂ ಡೆವಲಪರ್‌ಗಳ ಸ್ವಂತ ಯಂತ್ರಗಳಿಗೂ ಇದೇ ಮಾತು ಸಲ್ಲುತ್ತದೆ.

ಎರಡನೇ ದಾರಿ: ಕೆಲವು ತಿಂಗಳು ಕಾಯುವುದು

ಹೆಚ್ಚಿನ ಸಂಸ್ಥೆಗಳಿಗೆ ಸರಿಹೊಂದುವುದು ಈ ದಾರಿಯೇ. ಆದರೆ ಎಷ್ಟು ಕಾಯಬೇಕು ಎಂಬುದನ್ನು ಬಿಡುಗಡೆಯ ಸಂಖ್ಯೆಗಿಂತ ನಮ್ಮ ಕೆಲಸದ ಪಂಚಾಂಗವೇ ನಿರ್ಧರಿಸುವುದು ಒಳಿತು. ಹೊಸ ಆವೃತ್ತಿ ಬರುವ ಕಾಲಕ್ಕೆ ನಮ್ಮಲ್ಲಿ ದಸರಾ, ದೀಪಾವಳಿಯ ವ್ಯಾಪಾರದ ದಿನಗಳು ನಡೆಯುತ್ತಿರುತ್ತವೆ, ಮಾರಾಟದ ತಂತ್ರಾಂಶವನ್ನು ಆಗ ಮುಟ್ಟುವಂತಿಲ್ಲ. ಜನವರಿಯಿಂದ ಮಾರ್ಚ್ ತನಕ ಲೆಕ್ಕಪತ್ರದ ವಿಭಾಗಗಳು ವರ್ಷಾಂತ್ಯದ ಕೆಲಸದಲ್ಲಿರುತ್ತವೆ. ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ಖಾತೆ ಮುಚ್ಚುವ ಕೆಲಸ ಇನ್ನೂ ಉಳಿದಿರುತ್ತದೆ. ಮೇ ತಿಂಗಳ ಎರಡನೇ ಗುರುವಾರದ ಮೈನರ್ ಬಿಡುಗಡೆ ಬಂದು, ಅದನ್ನು ಸ್ಟೇಜಿಂಗ್‌ನಲ್ಲಿ ಒಂದು ವಾರ ಓಡಿಸಿ, ಆ ತಿಂಗಳ 20ರ ಜಿಎಸ್‌ಟಿಆರ್ 3ಬಿ ಸಲ್ಲಿಕೆ ಮುಗಿದ ನಂತರದ ವಾರಾಂತ್ಯದಲ್ಲಿ ಬದಲಿಸುವುದು, ವ್ಯಾಪಾರ ಮತ್ತು ಲೆಕ್ಕದ ತಂತ್ರಾಂಶಗಳಿಗೆ ನನಗೆ ಕಂಡಂತೆ ಅತ್ಯಂತ ಹೊಂದುವ ಸಮಯ. ಶಾಲೆ, ಕಾಲೇಜುಗಳ ತಂತ್ರಾಂಶಕ್ಕೆ ಈ ಲೆಕ್ಕ ಪೂರಾ ತಿರುಗುಮುರುಗಾಗುತ್ತದೆ. ಮೇ, ಜೂನ್ ತಿಂಗಳುಗಳು ದಾಖಲಾತಿಯ ಭರಾಟೆಯವು. ಅವರು ಮುಂದಿನ ದಸರಾ ರಜೆಯ ತನಕ ಕಾದರೆ ಆವೃತ್ತಿಗೆ ಒಂದು ವರ್ಷ ತುಂಬಿರುತ್ತದೆ, ನಾಲ್ಕು ವರ್ಷ ಬಾಕಿಯಿರುತ್ತದೆ, ಅದೇನೂ ಕೆಟ್ಟ ವ್ಯವಹಾರವಲ್ಲ.

ಈ ಕಾಯುವ ತಿಂಗಳುಗಳಲ್ಲಿ ಸುಮ್ಮನಿದ್ದರೆ ಮಾತ್ರ ಕಾದದ್ದು ವ್ಯರ್ಥ. ಹೊಸ ಆವೃತ್ತಿಯಲ್ಲಿ ಉಳಿದ ದೋಷಗಳು ಪತ್ತೆಯಾಗುವುದು ಯಾರೋ ತಮ್ಮ ಕೆಲಸದ ಹೊರೆಯನ್ನು ಅದರ ಮೇಲೆ ಹಾಕಿ ನೋಡಿದಾಗ. ನಮ್ಮ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ನಮ್ಮ ಎಕ್ಸ್‌ಟೆನ್ಶನ್, ನಮ್ಮ ಡ್ರೈವರ್ (ತಂತ್ರಾಂಶವನ್ನು ಡೇಟಾಬೇಸಿಗೆ ಜೋಡಿಸುವ ಭಾಗ) ಇವುಗಳ ಕೂಡುವಿಕೆಯನ್ನು ನಮ್ಮನ್ನು ಬಿಟ್ಟು ಬೇರೆ ಯಾರೂ ಪರೀಕ್ಷಿಸುವುದಿಲ್ಲ. ನವೆಂಬರಿನಲ್ಲಿ ಪರೀಕ್ಷೆ ಆರಂಭಿಸಿದ ಸಂಸ್ಥೆಗೂ ಮೇ ತಿಂಗಳಲ್ಲಿ ಮೊದಲ ಬಾರಿಗೆ ಬಿಡುಗಡೆ ಟಿಪ್ಪಣಿ ತೆರೆದ ಸಂಸ್ಥೆಗೂ ಬದಲಾವಣೆಯ ದಿನಾಂಕ ಒಂದೇ ಇರಬಹುದು, ಆದರೆ ಅವು ಹೊರುವ ಅಪಾಯ ಒಂದೇ ಅಲ್ಲ.

ಮೂರನೇ ದಾರಿ: ಆವೃತ್ತಿಗಳನ್ನು ಬಿಟ್ಟು ಹೋಗುವುದು

ಪ್ರತಿ ವರ್ಷ ಬದಲಿಸುವಷ್ಟು ಜನಬಲ ಇಲ್ಲದ ಸಂಸ್ಥೆಗಳು ಎರಡು ಅಥವಾ ಮೂರು ವರ್ಷಕ್ಕೊಮ್ಮೆ ಹೋಗುತ್ತವೆ. ತಾಂತ್ರಿಕವಾಗಿ ಇದಕ್ಕೆ ಅಡ್ಡಿಯಿಲ್ಲ. ಪೋಸ್ಟ್‌ಗ್ರೆಸ್‌ನ ‘ಪಿಜಿ ಅಪ್‌ಗ್ರೇಡ್’ ಉಪಕರಣ ನಡುವಿನ ಆವೃತ್ತಿಗಳಲ್ಲಿ ನಿಲ್ಲದೆ ನೇರವಾಗಿ ಮುಂದಕ್ಕೆ ಒಯ್ಯುತ್ತದೆ, 13ರಿಂದ 18ಕ್ಕೆ ಒಂದೇ ಹೆಜ್ಜೆ ಸಾಕು. ನಡುವೆ ಬಿಟ್ಟ ಆವೃತ್ತಿಗಳ ಬಿಡುಗಡೆ ಟಿಪ್ಪಣಿಗಳನ್ನು ಓದುವ ಕೆಲಸ ಮಾತ್ರ ತಪ್ಪುವುದಿಲ್ಲ. ವಿಶೇಷವಾಗಿ ಪ್ರತಿ ಟಿಪ್ಪಣಿಯಲ್ಲೂ ಹೊಂದಾಣಿಕೆ ತಪ್ಪುವ ಬದಲಾವಣೆಗಳನ್ನು ಪಟ್ಟಿ ಮಾಡಿದ ಭಾಗವನ್ನು ಒಂದು ಸಾಲೂ ಬಿಡದೆ ಓದಬೇಕು.

ಅಂತಹ ಬದಲಾವಣೆಗಳು ಎಷ್ಟು ಸೂಕ್ಷ್ಮವಾಗಿರುತ್ತವೆ ಎಂಬುದಕ್ಕೆ 15ನೇ ಆವೃತ್ತಿಯ ಒಂದನ್ನು ಹತ್ತಿರದಿಂದ ನೋಡಬಹುದು. ಅಲ್ಲಿಯವರೆಗೆ ಡೇಟಾಬೇಸಿಗೆ ಸಂಪರ್ಕ ಪಡೆದ ಯಾವ ಬಳಕೆದಾರನಾದರೂ ‘ಪಬ್ಲಿಕ್’ ಸ್ಕೀಮಾದಲ್ಲಿ (ಟೇಬಲ್‌ಗಳನ್ನು ಇಡುವ ವಿಭಾಗದಲ್ಲಿ) ಟೇಬಲ್ ಸೃಷ್ಟಿಸಬಹುದಾಗಿತ್ತು. ಭದ್ರತೆಯ ದೃಷ್ಟಿಯಿಂದ 15ರಲ್ಲಿ ಆ ಅನುಮತಿಯನ್ನು ತೆಗೆಯಲಾಯಿತು. ಆದರೆ ಇದು ಅನ್ವಯಿಸುವುದು ಹೊಸದಾಗಿ ಸೃಷ್ಟಿಸಿದ ಡೇಟಾಬೇಸ್‌ಗಳಿಗೆ ಮಾತ್ರ. ಹಳೆಯದನ್ನು ಅಪ್‌ಗ್ರೇಡ್ ಮಾಡಿದರೆ ಹಿಂದಿನ ಅನುಮತಿಯೇ ಉಳಿಯುತ್ತದೆ. ಫಲಿತಾಂಶವೆಂದರೆ ಪ್ರೊಡಕ್ಷನ್ ಸರಿಯಾಗಿ ಓಡುತ್ತಿರುತ್ತದೆ, ಹೊಸದಾಗಿ ಸೇರಿದ ಡೆವಲಪರ್ ತನ್ನ ಯಂತ್ರದಲ್ಲಿ ಹೊಸ ಡೇಟಾಬೇಸ್ ಸೃಷ್ಟಿಸಿ ಅದೇ ಮೈಗ್ರೇಷನ್ (ಟೇಬಲ್‌ಗಳನ್ನು ಸೃಷ್ಟಿಸುವ, ಬದಲಿಸುವ ಸ್ಕ್ರಿಪ್ಟ್) ಓಡಿಸಿದರೆ ‘ಪಬ್ಲಿಕ್ ಸ್ಕೀಮಾಗೆ ಅನುಮತಿಯಿಲ್ಲ’ ಎಂಬ ದೋಷ ಬರುತ್ತದೆ. ಇಷ್ಟನ್ನು ಮೊದಲೇ ಓದಿರದ ತಂಡ ಒಂದು ಇಡೀ ದಿನವನ್ನು ಕೋಡಿನಲ್ಲಿ ತಪ್ಪು ಹುಡುಕುವುದರಲ್ಲಿ ಕಳೆಯಬಹುದು.

ಬೇರೆಯವೂ ಇವೆ. 12ರಲ್ಲಿ ‘ರಿಕವರಿ ಡಾಟ್ ಕಾನ್ಫ್’ ಫೈಲು ಇಲ್ಲವಾಗಿ ಅದರ ಸೆಟ್ಟಿಂಗುಗಳು ಮುಖ್ಯ ಕಾನ್ಫಿಗರೇಶನ್ ಫೈಲಿಗೆ ಬಂದವು. ‘ವಿತ್’ ಬಳಸಿ ಬರೆದ ಉಪಕ್ವೆರಿಗಳನ್ನು ಪ್ಲಾನರ್ (ಕ್ವೆರಿ ಓಡಿಸುವ ದಾರಿಯನ್ನು ಆರಿಸುವ ಭಾಗ) ಮುಖ್ಯ ಕ್ವೆರಿಯೊಳಗೆ ಬೆಸೆಯತೊಡಗಿದ್ದೂ ಆಗಲೇ. 14ರಲ್ಲಿ ಹೊಸ ಪಾಸ್‌ವರ್ಡ್‌ಗಳು ಎಂಡಿ5 ಬದಲು ಸ್ಕ್ರ್ಯಾಮ್ ವಿಧಾನದಲ್ಲಿ ಉಳಿಯುವುದು ಡೀಫಾಲ್ಟ್ ಆಯಿತು, ಆ ವಿಧಾನ ತಿಳಿಯದ ಹಳೆಯ ಡ್ರೈವರ್‌ಗಳು ಲಾಗಿನ್ ಆಗಲಾರದೆ ನಿಂತವು. 15ರಲ್ಲಿ ಬ್ಯಾಕಪ್ ಆರಂಭಿಸುವ ಫಂಕ್ಷನ್‌ನ ಹೆಸರೇ ಬದಲಾಯಿತು, ಕೈಯಾರೆ ಬರೆದ ಹಳೆಯ ಬ್ಯಾಕಪ್ ಸ್ಕ್ರಿಪ್ಟ್‌ಗಳು ಅಲ್ಲಿ ಮುರಿಯುತ್ತವೆ. ಇವೆಲ್ಲ ವರ್ಷಕ್ಕೊಂದರಂತೆ ಬಂದಾಗ ತಡೆದುಕೊಳ್ಳುವಂಥವು. ಐದು ವರ್ಷದ್ದು ಒಂದೇ ರಾತ್ರಿ ಬಂದಾಗ, ಆ ರಾತ್ರಿ ಕಂಡ ತೊಂದರೆಗೆ ಯಾವ ಆವೃತ್ತಿಯ ಯಾವ ಬದಲಾವಣೆ ಕಾರಣ ಎಂದು ಬಿಡಿಸುವುದೇ ಕಷ್ಟವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಹೋಗುವುದು ನನ್ನ ದೃಷ್ಟಿಯಲ್ಲಿ ಸಣ್ಣ ತಂಡಗಳಿಗೆ ಸರಿಯಾದ ನಡುದಾರಿ.

ನಾಲ್ಕನೇ ದಾರಿ: ಬೆಂಬಲ ಮುಗಿಯುವ ತನಕ ಇರುವುದು

ಓಡುತ್ತಿರುವುದನ್ನು ಮುಟ್ಟಬಾರದು ಎಂಬ ವಾದ ಇಲ್ಲಿ ಕೇಳಿಬರುತ್ತದೆ. ಮೈನರ್ ಪ್ಯಾಚ್‌ಗಳನ್ನು ತಪ್ಪದೆ ಹಾಕುತ್ತಿದ್ದು, ಕೊನೆಯ ವರ್ಷದಲ್ಲಿ ಯೋಜನೆ ಮಾಡಿ ಬದಲಿಸುವ ಸಂಸ್ಥೆಗೆ ಈ ದಾರಿ ತಪ್ಪೇನೂ ಅಲ್ಲ. ತೊಂದರೆ ಏನೆಂದರೆ, ಐದು ವರ್ಷ ಮುಟ್ಟದ ಕೆಲಸವನ್ನು ಮಾಡಬಲ್ಲವರು ಆ ಹೊತ್ತಿಗೆ ಸಂಸ್ಥೆಯಲ್ಲಿ ಉಳಿದಿರುವುದಿಲ್ಲ, ಹಿಂದಿನ ಸಲ ಹೇಗೆ ಮಾಡಿದ್ದೆಂಬ ಟಿಪ್ಪಣಿಯೂ ಹಳತಾಗಿರುತ್ತದೆ. ಕ್ಲೌಡ್‌ನಲ್ಲಿದ್ದರೆ ಖರ್ಚು ನೇರವಾಗಿ ಬಿಲ್ಲಿನಲ್ಲಿ ಕಾಣುತ್ತದೆ: ಅಮೆಜಾನ್ ಆರ್‌ಡಿಎಸ್ ಬೆಂಬಲ ಮುಗಿದ ಆವೃತ್ತಿಗಳನ್ನು ‘ಎಕ್ಸ್‌ಟೆಂಡೆಡ್ ಸಪೋರ್ಟ್’ ಹೆಸರಿನಲ್ಲಿ ಮುಂದುವರಿಸಿ, ಪ್ರತಿ ವರ್ಚುವಲ್ ಸಿಪಿಯುಗೆ ಗಂಟೆಯ ಲೆಕ್ಕದಲ್ಲಿ ಹೆಚ್ಚುವರಿ ಹಣ ಹಾಕುತ್ತದೆ, ಮೂರನೇ ವರ್ಷದಲ್ಲಿ ದರ ಇನ್ನೂ ಏರುತ್ತದೆ. ಬೆಂಬಲ ಮುಗಿದ ಮೇಲೂ ಸ್ವಂತ ಸರ್ವರಿನಲ್ಲಿ ಹಾಗೆಯೇ ಇರುವುದನ್ನು ನಾನು ಯಾವ ಸಂದರ್ಭದಲ್ಲೂ ಸಲಹೆ ಮಾಡಲಾರೆ. ಜನರ ಹೆಸರು, ಫೋನು, ಹಣದ ವಿವರ ಅಲ್ಲಿರುತ್ತದೆ.

ಆಪರೇಟಿಂಗ್ ಸಿಸ್ಟಂ ಎಂಬ ಮರೆತುಹೋಗುವ ಅಂಶ

ಡೇಟಾಬೇಸ್ ಆವೃತ್ತಿಯ ಚರ್ಚೆಯಲ್ಲಿ ಹೆಚ್ಚು ಜನ ಮರೆಯುವುದು ಇದನ್ನೇ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪೋಸ್ಟ್‌ಗ್ರೆಸ್ ಅಕ್ಷರಗಳ ಅನುಕ್ರಮಕ್ಕಾಗಿ ಸಾಮಾನ್ಯವಾಗಿ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ನೆಚ್ಚಿಕೊಳ್ಳುತ್ತದೆ. ಆ ಲೈಬ್ರರಿಯ 2.28ನೇ ಆವೃತ್ತಿಯಲ್ಲಿ ಅನುಕ್ರಮದ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. ಡೆಬಿಯನ್ 9ರಿಂದ 10ಕ್ಕೆ, ಉಬುಂಟು 18.04ರಿಂದ 20.04ಕ್ಕೆ, ರೆಡ್‌ಹ್ಯಾಟ್ 7ರಿಂದ 8ಕ್ಕೆ ಹೋದವರು ಈ ಗೆರೆಯನ್ನು ದಾಟಿದರು. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದದ್ದರಿಂದ, ಇನ್ನೂ ಅದರಲ್ಲೇ ಇರುವವರು ಮುಂದೆ ದಾಟುವವರಿದ್ದಾರೆ.

ಇದರಿಂದ ಏನಾಗುತ್ತದೆ ಎಂಬುದನ್ನು ಹೆಸರುಗಳ ಟೇಬಲ್ಲೊಂದರಲ್ಲಿ ನೋಡಿ. ಇಂಡೆಕ್ಸ್ ಎಂದರೆ ಹೆಸರುಗಳನ್ನು ಹಳೆಯ ಅನುಕ್ರಮದಲ್ಲಿ ಜೋಡಿಸಿಟ್ಟ ಮರ. ಹೊಸ ಲೈಬ್ರರಿ ಬಂದ ಮೇಲೆ ಸರ್ವರ್ ಹೊಸ ಅನುಕ್ರಮದ ಪ್ರಕಾರ ಎಡಕ್ಕೋ ಬಲಕ್ಕೋ ತಿರುಗುತ್ತಾ ಆ ಮರದಲ್ಲಿ ಇಳಿಯುತ್ತದೆ, ತಪ್ಪು ಕವಲಿಗೆ ಹೋಗುತ್ತದೆ, ಇರುವ ಹೆಸರನ್ನು ಇಲ್ಲ ಎನ್ನುತ್ತದೆ. ಅದು ಯೂನಿಕ್ ಇಂಡೆಕ್ಸ್ ಆಗಿದ್ದರೆ ಅದೇ ಹೆಸರನ್ನು ಎರಡನೇ ಬಾರಿ ಸೇರಿಸಲೂ ಬಿಡುತ್ತದೆ. ಅಪ್‌ಗ್ರೇಡ್ ಮಾಡುವಾಗ ಹೊಸ ಆಪರೇಟಿಂಗ್ ಸಿಸ್ಟಂ ಇರುವ ಹೊಸ ಯಂತ್ರಕ್ಕೆ ಡೇಟಾ ಫೈಲುಗಳನ್ನು ಒಯ್ದವರು ಈ ತೊಂದರೆಗೆ ಹೊಸ ಪೋಸ್ಟ್‌ಗ್ರೆಸ್ ಆವೃತ್ತಿಯನ್ನು ದೂರುವ ಸಂಭವ ಹೆಚ್ಚು. ಎರಡನ್ನೂ ಒಂದೇ ದಿನ ಬದಲಿಸಬೇಡಿ. ಬದಲಿಸಲೇಬೇಕಾದರೆ ಪಠ್ಯದ ಇಂಡೆಕ್ಸುಗಳನ್ನು ಮತ್ತೆ ಕಟ್ಟಿ, ‘ಪಿಜಿ ಎಎಂಚೆಕ್’ ಉಪಕರಣದಿಂದ ಪರಿಶೀಲಿಸಿ. 15ರಿಂದ ಈಚೆಗೆ ಡೇಟಾಬೇಸ್ ತನ್ನ ಅನುಕ್ರಮದ ಆವೃತ್ತಿಯನ್ನು ದಾಖಲಿಸಿಕೊಂಡು, ಹೊಂದದಿದ್ದರೆ ಎಚ್ಚರಿಕೆ ನೀಡುತ್ತದೆ. ಆ ಎಚ್ಚರಿಕೆಯನ್ನು ಕಡೆಗಣಿಸಬಾರದು.

ಈ ಅಪಾಯ ತಪ್ಪಿಸಲು ಕೆಲವರು ‘ಸಿ’ ಅನುಕ್ರಮವನ್ನು ಆರಿಸಿಕೊಳ್ಳುತ್ತಾರೆ. ಅದು ಯೂನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸುವುದರಿಂದ ಲೈಬ್ರರಿ ಬದಲಾದರೂ ಕೆಡುವುದಿಲ್ಲ. ಕನ್ನಡ ಹೆಸರುಗಳಿರುವ ಡೇಟಾಬೇಸಿನಲ್ಲಿ ಮಾತ್ರ ಒಂದು ಪರಿಣಾಮವನ್ನು ತಿಳಿದಿರಬೇಕು: ಯೂನಿಕೋಡ್‌ನಲ್ಲಿ ‘ಳ’ ಅಕ್ಷರ ‘ಲ’ದ ಪಕ್ಕದಲ್ಲೇ, ‘ವ’ಕ್ಕಿಂತ ಮೊದಲು ಬರುತ್ತದೆ, ವರ್ಣಮಾಲೆಯಲ್ಲಿ ಅದರ ಜಾಗ ‘ಹ’ದ ನಂತರ. ಮುದ್ರಿತ ಪಟ್ಟಿ ವರ್ಣಮಾಲೆಯಂತೆ ಇರಬೇಕೆಂದರೆ ಆ ಕ್ವೆರಿಗೆ ಬೇರೆ ಅನುಕ್ರಮವನ್ನು ಹೇಳಬೇಕಾಗುತ್ತದೆ. ಅನುಕ್ರಮಕ್ಕಾಗಿ ಐಸಿಯು ಎಂಬ ಇನ್ನೊಂದು ಲೈಬ್ರರಿಯನ್ನು ಡೀಫಾಲ್ಟ್ ಆಗಿ ಬಳಸುವವರು 18ಕ್ಕೆ ಹೋದ ಮೇಲೆ ಪಠ್ಯಶೋಧ ಮತ್ತು ಟ್ರೈಗ್ರ್ಯಾಮ್ (ಮೂರು ಮೂರು ಅಕ್ಷರಗಳ ತುಣುಕುಗಳಿಂದ ಹುಡುಕುವ) ಇಂಡೆಕ್ಸುಗಳನ್ನು ಮತ್ತೆ ಕಟ್ಟಬೇಕಾಗಬಹುದು ಎಂದು ಆ ಆವೃತ್ತಿಯ ಟಿಪ್ಪಣಿಯೇ ಹೇಳುತ್ತದೆ.

ಹೋಗುವ ವಿಧಾನವೂ ಸಮಯವನ್ನು ನಿರ್ಧರಿಸುತ್ತದೆ

ಡಂಪ್ (ಇಡೀ ಡೇಟಾವನ್ನು ಬರೆದಿಟ್ಟ ಫೈಲು) ತೆಗೆದು ಹೊಸದಕ್ಕೆ ತುಂಬುವುದು ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ನಿಧಾನ. ಇಂಡೆಕ್ಸುಗಳು ಹೊಸದಾಗಿ ಕಟ್ಟಲ್ಪಡುವುದರಿಂದ ಮೇಲೆ ಹೇಳಿದ ಅನುಕ್ರಮದ ಸಮಸ್ಯೆಯೇ ಬರುವುದಿಲ್ಲ, ಹಳೆಯ ಸರ್ವರ್ ಹಾಗೆಯೇ ಉಳಿದಿರುತ್ತದೆ. ಕೆಲವು ಹತ್ತು ಜಿಬಿ ಡೇಟಾ ಇದ್ದು ಭಾನುವಾರ ರಾತ್ರಿ ಸೇವೆ ನಿಲ್ಲಿಸಬಹುದಾದ ಸಂಸ್ಥೆ ಬೇರೇನನ್ನೂ ಯೋಚಿಸಬೇಕಾಗಿಲ್ಲ.

ಪಿಜಿ ಅಪ್‌ಗ್ರೇಡ್ ಡೇಟಾ ಫೈಲುಗಳನ್ನು ಇದ್ದಂತೆಯೇ ಬಳಸಿಕೊಳ್ಳುತ್ತದೆ. ಅದರ ‘ಲಿಂಕ್’ ವಿಧಾನದಲ್ಲಿ ಫೈಲುಗಳ ನಕಲೂ ಆಗದ ಕಾರಣ ಟಿಬಿ ಗಾತ್ರದ ಡೇಟಾಬೇಸ್ ಕೂಡ ನಿಮಿಷಗಳಲ್ಲಿ ಮುಗಿಯಬಹುದು, ಆದರೆ ಹೊಸ ಸರ್ವರ್ ಒಮ್ಮೆ ಆರಂಭವಾದ ಮೇಲೆ ಹಳೆಯದನ್ನು ಸುರಕ್ಷಿತವಾಗಿ ಆರಂಭಿಸುವಂತಿಲ್ಲ. ನಕಲು ವಿಧಾನದಲ್ಲಿ ಹಿಂದಿರುಗುವ ದಾರಿ ತೆರೆದಿರುತ್ತದೆ, ಎರಡರಷ್ಟು ಡಿಸ್ಕ್ ಬೇಕಾಗುತ್ತದೆ. 17ರ ತನಕ ಪ್ಲಾನರ್‌ಗೆ ಬೇಕಾದ ಅಂಕಿಅಂಶಗಳು ಹೊಸ ಸರ್ವರಿಗೆ ಬರುತ್ತಿರಲಿಲ್ಲ. ‘ಅನಲೈಸ್’ ಓಡಿಸುವುದನ್ನು ಮರೆತವರ ಸರ್ವರ್ ಸೋಮವಾರ ಬೆಳಗ್ಗೆ ಪ್ರತಿ ಕ್ವೆರಿಗೂ ಇಡೀ ಟೇಬಲ್ ಓದುತ್ತಾ ಕುಸಿಯುವ ಸಾಧ್ಯತೆ ಇತ್ತು. 18ರ ಪಿಜಿ ಅಪ್‌ಗ್ರೇಡ್ ಈ ಅಂಕಿಅಂಶಗಳಲ್ಲಿ ಬಹುಪಾಲನ್ನು ಹಳೆಯ ಸರ್ವರಿನಿಂದ ಒಯ್ಯುತ್ತದೆ. ವಿಸ್ತೃತ ಅಂಕಿಅಂಶಗಳು ಮಾತ್ರ ಬರುವುದಿಲ್ಲ. 18ಕ್ಕೆ ಹೋಗುವುದಕ್ಕೆ ನನಗೆ ಕಾಣುವ ಅತಿ ಬಲವಾದ ಕಾರಣ ಇದೇ. ಇದರ ಜೊತೆಗೆ 18ರಲ್ಲಿ ಹೊಸ ಕ್ಲಸ್ಟರ್ (ಒಂದು ಸರ್ವರ್ ನೋಡಿಕೊಳ್ಳುವ ಡೇಟಾಬೇಸ್‌ಗಳ ಗುಂಪು) ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ಪತ್ತೆಹಚ್ಚುವ ಗುರುತು ಸಂಖ್ಯೆ) ಸಹಿತವಾಗಿಯೇ ಸೃಷ್ಟಿಯಾಗುತ್ತದೆ. ಹಳೆಯದರಲ್ಲಿ ಚೆಕ್‌ಸಮ್ ಇಲ್ಲದಿದ್ದರೆ ಎರಡೂ ಹೊಂದದೆ ಅಪ್‌ಗ್ರೇಡ್ ನಿಲ್ಲುತ್ತದೆ, ಒಂದೋ ಹಳೆಯದರಲ್ಲಿ ಚೆಕ್‌ಸಮ್ ಆನ್ ಮಾಡಬೇಕು, ಇಲ್ಲವೇ ಹೊಸದನ್ನು ಚೆಕ್‌ಸಮ್ ಇಲ್ಲದೆ ಸೃಷ್ಟಿಸಬೇಕು.

ಲಾಜಿಕಲ್ ರೆಪ್ಲಿಕೇಶನ್ (ಹಳೆಯ ಸರ್ವರಿನ ಬದಲಾವಣೆಗಳನ್ನು ಹೊಸದಕ್ಕೆ ನಿರಂತರವಾಗಿ ಕಳಿಸುವ ವಿಧಾನ) ಮೂಲಕ ಹೋದರೆ ಸೇವೆ ನಿಲ್ಲುವುದು ಕೆಲವೇ ಕ್ಷಣ. ಹೊಸ ಆವೃತ್ತಿಯ ಸರ್ವರ್ ಹಳೆಯದರ ಪಕ್ಕದಲ್ಲಿ ದಿನಗಟ್ಟಲೆ ಓಡುತ್ತಿದ್ದು, ನಿಜವಾದ ಡೇಟಾದ ಮೇಲೆ ಪರೀಕ್ಷೆಗೂ ಸಿಗುತ್ತದೆ. ಪ್ರತಿ ಟೇಬಲ್ಲಿಗೂ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಮೌಲ್ಯ) ಅಥವಾ ಅದಕ್ಕೆ ಬದಲಿ ಗುರುತು ಇರಬೇಕು; ಸ್ಕೀಮಾ ಬದಲಾವಣೆಗಳು ತಾವಾಗಿ ಹೋಗುವುದಿಲ್ಲ; 18ರಲ್ಲೂ ಸೀಕ್ವೆನ್ಸ್‌ಗಳ (ಕ್ರಮಸಂಖ್ಯೆ ಕೊಡುವ ಎಣಿಕೆಗಳ) ಮೌಲ್ಯ ಹೋಗುವುದಿಲ್ಲ. ಸೀಕ್ವೆನ್ಸ್‌ಗಳನ್ನು ಕೈಯಾರೆ ಮುಂದಕ್ಕೆ ತಳ್ಳದೆ ಹೊಸ ಸರ್ವರಿಗೆ ಬರೆಯಲು ಬಿಟ್ಟರೆ ಮೊದಲ ಹೊಸ ಬಿಲ್ಲೇ ಹಳೆಯ ಬಿಲ್ಲಿನ ಸಂಖ್ಯೆಯನ್ನು ಕೇಳಿ ದೋಷ ಕೊಡುತ್ತದೆ. ಇಷ್ಟು ಶ್ರಮ ಸಾರ್ಥಕವಾಗುವುದು ರಾತ್ರಿಯೂ ನಿಲ್ಲಿಸಲಾಗದ ಸೇವೆಗಳಿಗೆ.

ಯಾವ ವಿಧಾನವಾದರೂ, ಬ್ಯಾಕಪ್‌ನಿಂದ ಹಿಂಪಡೆದ ಪ್ರೊಡಕ್ಷನ್ ಡೇಟಾದ ಮೇಲೆ ಪೂರ್ಣ ತಾಲೀಮು ಮಾಡಿ. ಮೊದಲು ಪಿಜಿ ಅಪ್‌ಗ್ರೇಡ್‌ನ ‘ಚೆಕ್’ ಓಡಿಸಿ, ಅದು ಡೇಟಾವನ್ನು ಬದಲಿಸದೆ ತೊಡಕುಗಳನ್ನು ಮಾತ್ರ ಹೇಳುತ್ತದೆ. ಆಮೇಲೆ ‘ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್’ ತೋರಿಸುವ, ಒಟ್ಟು ಸಮಯದಲ್ಲಿ ಹೆಚ್ಚು ಪಾಲು ತಿನ್ನುವ ಕ್ವೆರಿಗಳನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ ಪ್ಲಾನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊಸ ಸರ್ವರಿಗೆ ಹಳೆಯ ಬ್ಯಾಕಪ್ ಸರಣಿ ಕೆಲಸಕ್ಕೆ ಬಾರದು. ಬದಲಾದ ಕೂಡಲೇ ಪೂರ್ಣ ಬ್ಯಾಕಪ್ ತೆಗೆಯಬೇಕು. ಹೊಸದಕ್ಕೆ ಬಳಕೆದಾರರು ಬರೆಯತೊಡಗಿದ ಮೇಲೆ ಹಿಂದಿರುಗಿದರೆ ಆ ಬರಹಗಳು ಕಳೆದುಹೋಗುತ್ತವೆ, ಆದ್ದರಿಂದ ಎಷ್ಟು ಗಂಟೆಯೊಳಗೆ ಹಿಂದಿರುಗುವ ತೀರ್ಮಾನ ಮಾಡಬೇಕು, ಅದನ್ನು ಯಾರು ಮಾಡಬೇಕು ಎಂಬುದನ್ನು ಮೊದಲೇ ಬರೆದಿಡಿ.

ಮೈಸೀಕ್ವೆಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಈ ಲೆಕ್ಕ ಬೇರೆ. ಅಲ್ಲಿ 2024ರ ಏಪ್ರಿಲ್‌ನಲ್ಲಿ ಬಂದ 8.4 ದೀರ್ಘಕಾಲ ಬೆಂಬಲದ ಆವೃತ್ತಿ. ನಡುವೆ ಬರುವ ಇನೊವೇಶನ್ ಆವೃತ್ತಿಗಳ ಆಯುಸ್ಸು ಕಡಿಮೆ, ಪ್ರೊಡಕ್ಷನ್‌ಗೆ ಅವು ಬೇಡ. 8.0ರ ಕಾಲದಲ್ಲಿ ಮೈನರ್ ಸಂಖ್ಯೆಗಳಲ್ಲೂ ಹೊಸ ಸೌಲಭ್ಯಗಳು ಬರುತ್ತಿದ್ದವು, ಮುಂದೆ ಹೋದ ಡೇಟಾ ಫೈಲುಗಳನ್ನು ಹಿಂದಿನದಕ್ಕೆ ತರುವಂತಿರಲಿಲ್ಲ. 8.0.38ರಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಟೇಬಲ್‌ಗಳಿದ್ದರೆ ರೀಸ್ಟಾರ್ಟ್ ವೇಳೆ ಸರ್ವರ್ ಕುಸಿಯುತ್ತಿತ್ತು. ಹಾಗಾಗಿ ಅಲ್ಲಿ ಮೈನರ್ ಬಿಡುಗಡೆಯನ್ನೂ ಮೇಜರ್‌ನಷ್ಟೇ ಗಂಭೀರವಾಗಿ ಪರೀಕ್ಷಿಸಬೇಕು.

ಈಗ ಇರುವ ಆವೃತ್ತಿಯ ಪ್ರಕಾರ

13 ಅಥವಾ ಅದಕ್ಕೂ ಹಳೆಯದರಲ್ಲಿ ಇರುವವರಿಗೆ ಆಯ್ಕೆ ಉಳಿದಿಲ್ಲ, 13ರ ಬೆಂಬಲ 2025ರ ನವೆಂಬರ್ 13ಕ್ಕೆ ಮುಗಿಯಿತು. 14ರ ಗಡುವು 2026ರ ನವೆಂಬರ್ 12, ಉಬುಂಟು 22.04ರ ಜೊತೆ ಬಂದ ಆವೃತ್ತಿ ಇದೇ ಆದ್ದರಿಂದ, ತಮಗೆ ಅರಿವಿಲ್ಲದೆಯೇ ಇದರಲ್ಲಿ ಇರುವವರು ಇರಬಹುದು. ಇವರು 17ಕ್ಕೆ ಹೋದರೆ 2029ರ ನವೆಂಬರ್ ತನಕ, 18ಕ್ಕೆ ಹೋದರೆ 2030ರ ನವೆಂಬರ್ ತನಕ ನಿಶ್ಚಿಂತೆ. ಬಳಸುವ ಎಲ್ಲ ಎಕ್ಸ್‌ಟೆನ್ಶನ್‌ಗಳೂ 18ಕ್ಕೆ ಸಿದ್ಧವಿದ್ದರೆ 18ನ್ನೇ ಹಿಡಿಯಿರಿ. ಪೋಸ್ಟ್‌ಜಿಐಎಸ್, ಟೈಮ್‌ಸ್ಕೇಲ್‌ಡಿಬಿಯಂಥವನ್ನು ನೆಚ್ಚಿದ್ದು ಅದರಲ್ಲಿ ಒಂದಾದರೂ ಪ್ಯಾಕೇಜ್ ರೂಪದಲ್ಲಿ ಸಿಗದಿದ್ದರೆ 17. 15 ಮತ್ತು 16ರಲ್ಲಿ ಇರುವವರು 2027 ಮತ್ತು 2028ರ ನವೆಂಬರ್ ತನಕ ಸಮಯವಿರುವುದರಿಂದ ಆತುರಪಡಬೇಕಾಗಿಲ್ಲ, ಆದರೆ 18ರ ಮೇಲಿನ ಮೊದಲ ತಾಲೀಮನ್ನು ಈ ವರ್ಷವೇ ಮಾಡಿಡಬೇಕು. 17ರಲ್ಲಿ ಇರುವವರು ವ್ಯಾಕ್ಯೂಮ್‌ನ ಹೊಸ ಮೆಮೊರಿ ವ್ಯವಸ್ಥೆ, ಇನ್‌ಕ್ರಿಮೆಂಟಲ್ ಬ್ಯಾಕಪ್ ಎರಡನ್ನೂ ಈಗಾಗಲೇ ಪಡೆದಿದ್ದಾರೆ. ಡಿಸ್ಕಿನಿಂದ ಓದುವ ವೇಗವೇ ಅವರ ಅಡಚಣೆಯಾಗಿದ್ದು 18ರ ಅಸಿಂಕ್ರೊನಸ್ ಐಒ ಅವರ ಯಂತ್ರದಲ್ಲಿ ಅಳೆಯಬಹುದಾದ ವ್ಯತ್ಯಾಸ ತೋರಿಸಿದರೆ ಮಾತ್ರ ಹೋಗಲಿ; ಇಲ್ಲವಾದರೆ ಮೈನರ್ ಪ್ಯಾಚ್‌ಗಳನ್ನು ಹಾಕುತ್ತಾ 19ರ ಬೀಟಾ ಬಂದಾಗ ಅದನ್ನು ಬೇರೆ ಯಂತ್ರದಲ್ಲಿ ಓಡಿಸಿ ನೋಡಲಿ.